ರೋಬೋಟಿಗೆ ಮನೆಯ ವೈಫೈ ಕೊಡುವ ಮುನ್ನ

ಕಳೆದ ರಜೆಗೆ ದುಬೈಯಿಂದ ಬಂದ ಅಣ್ಣನ ಸಾಮಾನುಗಳಲ್ಲಿ ಖರ್ಜೂರ, ಹಾಲಿನ ಪುಡಿಯ ಜೊತೆ ಒಂದು ಚೌಕದ ಪೆಟ್ಟಿಗೆಯೂ ಇತ್ತು. ಒಳಗಿದ್ದದ್ದು ದೋಸೆ ಕಾವಲಿಯಂತೆ ದುಂಡಗಿನ, ಕಪ್ಪು ಬಣ್ಣದ, ತಾನೇ ಓಡಾಡಿ ನೆಲದ ಧೂಳು ಎಳೆದುಕೊಳ್ಳುವ ರೋಬೋಟ್. ಉಮ್ಮನಿಗೆ ಮೊಣಕಾಲು ನೋವು. ಹೆಚ್ಚು ಬಗ್ಗಬೇಡಿ ಎಂದು ವೈದ್ಯರು ಹೇಳಿದ್ದರೂ ದಿನಕ್ಕೆ ಎರಡು ಸಲ ಹಿಡಿಸೂಡಿ ಹಿಡಿಯುವುದನ್ನು ಅವರು ಬಿಟ್ಟಿರಲಿಲ್ಲ. ಅದಕ್ಕೇ ಅಣ್ಣ ಅದನ್ನು ತಂದದ್ದು.

ಆದರೆ ಅದು ವೈಫೈಗೆ ಸೇರಲಿಲ್ಲ. ಅಣ್ಣ ಎರಡು ರಾತ್ರಿ ಕುಳಿತು ನೋಡಿದ. ಆಮೇಲೆ ಸಂಬಂಧಿಕರ ಮನೆ, ಮದುವೆ ಎಂದು ರಜೆ ಮುಗಿದೇ ಹೋಯಿತು. ರೋಬೋಟ್ ಉಮ್ಮನ ಮಂಚದ ಕೆಳಗೆ ಸೇರಿತು. ವೈಫೈ ಇಲ್ಲದೆಯೂ ಅದು ಓಡುತ್ತದೆ, ಬೆನ್ನ ಮೇಲಿನ ಗುಂಡಿ ಒತ್ತಿದರೆ ಸಾಕು. ಆದರೆ ಗುಂಡಿ ಇರುವುದು ನೆಲದ ಮಟ್ಟದಲ್ಲಿ! ಬಗ್ಗಬಾರದೆಂದು ತಂದ ಯಂತ್ರಕ್ಕಾಗಿ ದಿನವೂ ಬಗ್ಗಬೇಕು. ಫೋನಿನಿಂದ ನಡೆಸಲು ಸಾಧ್ಯವಾದರೆ ಮಾತ್ರ ಅದರಿಂದ ಉಮ್ಮನಿಗೆ ಉಪಯೋಗ. ಹೀಗೆ ಆ ಕೆಲಸ ನನ್ನ ಪಾಲಿಗೆ ಬಂತು.

ಮೂರು ದಿನ ಒದ್ದಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಹಲವರ ಮನೆಯಲ್ಲಿ ಈಗ ವೈಫೈ ಬಲ್ಬು, ಕ್ಯಾಮೆರಾ, ಪ್ಲಗ್‌ಗಳಿವೆ. ಅವುಗಳಲ್ಲಿ ಹೆಚ್ಚಿನವು ಸೇರುವ ರೀತಿಯೂ ಇದೇ.

ಪಾಸ್‌ವರ್ಡ್ ಅದಕ್ಕೆ ತಲುಪುವುದು ಹೇಗೆ?

ಫೋನಿಗೆ ಪರದೆ ಇದೆ, ಅಕ್ಷರ ಒತ್ತಿ ಪಾಸ್‌ವರ್ಡ್ ಕೊಡಬಹುದು. ರೋಬೋಟಿಗೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಹಾಗಾದರೆ ಪಾಸ್‌ವರ್ಡ್ ಅದರೊಳಗೆ ಹೋಗುವುದು ಹೇಗೆ?

ಉಪಾಯ ಸರಳವಾಗಿದೆ. ಹೊಸ ರೋಬೋಟ್ ಮೊದಲು ತಾನೇ ಒಂದು ಪುಟ್ಟ ಹಾಟ್‌ಸ್ಪಾಟ್ ಆಗುತ್ತದೆ. ಕೈಪಿಡಿಯಲ್ಲಿ ಹೇಳಿದ ಗುಂಡಿಗಳನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಫೋನಿನ ವೈಫೈ ಪಟ್ಟಿಯಲ್ಲಿ ರೋಬೋಟಿನ ಹೆಸರು ಕಾಣಿಸುತ್ತದೆ. ಫೋನ್ ಅದಕ್ಕೆ ಸೇರುತ್ತದೆ. ಆಗ ಆ್ಯಪ್ ನಮ್ಮ ಮನೆಯ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ರೋಬೋಟಿಗೆ ದಾಟಿಸುತ್ತದೆ. ಕೂಡಲೇ ರೋಬೋಟ್ ತನ್ನ ಹಾಟ್‌ಸ್ಪಾಟ್ ನಿಲ್ಲಿಸಿ ಮನೆಯ ರೂಟರನ್ನು ಹುಡುಕಲು ಹೊರಡುತ್ತದೆ. ಅಲ್ಲಿಂದ ಇಂಟರ್ನೆಟ್ ಮೂಲಕ ಕಂಪೆನಿಯ ಸರ್ವರ್ ತಲುಪಿ 'ನಾನು ಬಂದೆ' ಎಂದು ತಿಳಿಸುತ್ತದೆ. ಫೋನ್ ಆ ಸುದ್ದಿಗಾಗಿ ಕಾಯುತ್ತಿರುತ್ತದೆ. ಕೆಲವು ಮಾದರಿಗಳಲ್ಲಿ ಮೊದಲ ಹಂತ ಬ್ಲೂಟೂತ್‌ನಲ್ಲಿ ನಡೆಯುತ್ತದೆ, ಉಳಿದದ್ದು ಇದೇ ರೀತಿ.

ಅಂದರೆ ಇಲ್ಲಿ ಮೂರು ಮಾತುಕತೆಗಳಿವೆ: ಫೋನ್ ಮತ್ತು ರೋಬೋಟ್, ರೋಬೋಟ್ ಮತ್ತು ರೂಟರ್, ರೋಬೋಟ್ ಮತ್ತು ಸರ್ವರ್. ತೊಂದರೆ ಎಲ್ಲಿ ಆದರೂ ನಮ್ಮ ಪರದೆಯಲ್ಲಿ ಬರುತ್ತಿದ್ದದ್ದು ಒಂದೇ ಸಾಲು: 'ಸಂಪರ್ಕ ವಿಫಲ'. ಇದೇಕೆ ಎಂದು ಮೊದಲು ನನಗೆ ಸಿಟ್ಟು ಬಂದಿತ್ತು. ಆಮೇಲೆ ಅರ್ಥವಾಯಿತು. ರೋಬೋಟ್ ತನ್ನ ಹಾಟ್‌ಸ್ಪಾಟ್ ನಿಲ್ಲಿಸಿದ ಮೇಲೆ ಫೋನಿಗೆ ಏನನ್ನೂ ಹೇಳಲಾರದು. ಎಡವಿದ್ದು ಎಲ್ಲಿ ಎಂದು ತಿಳಿಸಲು ಅದಕ್ಕೆ ದಾರಿಯೇ ಇಲ್ಲ. ಫೋನ್ ಒಂದೆರಡು ನಿಮಿಷ ಕಾದು 'ವಿಫಲ' ಎಂದುಬಿಡುತ್ತದೆ.

ಲವಣ ವಿಶ್ಲೇಷಣೆಯ ಹಾಗೆ

ಅಣ್ಣ ಮಾಡುತ್ತಿದ್ದ ತಪ್ಪು ಎಂದರೆ ಪ್ರತಿ ಸಲ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು. ಪಾಸ್‌ವರ್ಡ್ ಬದಲಿಸಿ, ರೂಟರ್ ಆಫ್ ಮಾಡಿ, ಆ್ಯಪ್ ಅಳಿಸಿ ಮತ್ತೆ ಹಾಕಿ, ಎಲ್ಲವೂ ಒಂದೇ ಗಂಟೆಯಲ್ಲಿ. ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಲವಣ ವಿಶ್ಲೇಷಣೆ ಹಾಗೆ ಮಾಡಿದರೆ ಮೇಡಂ ಬಿಡುತ್ತಾರೆಯೇ? ಒಂದೊಂದೇ ಗುಂಪಿನ ಪರೀಕ್ಷೆ ಮಾಡಿ, ಇಲ್ಲ ಎಂದು ಖಚಿತವಾದ ಮೇಲೆ ಮುಂದಿನದಕ್ಕೆ ಹೋಗಬೇಕು. ನಾನೂ ನೋಟ್‌ಬುಕ್ ತೆರೆದು ಹಾಗೇ ಬರೆದುಕೊಂಡೆ.

ಮೊದಲ ಪರೀಕ್ಷೆ ಫೋನ್ ಮತ್ತು ರೋಬೋಟ್ ನಡುವೆ. ರೋಬೋಟಿನ ಹಾಟ್‌ಸ್ಪಾಟಿನಲ್ಲಿ ಇಂಟರ್ನೆಟ್ ಇರುವುದಿಲ್ಲ. ಆದ್ದರಿಂದ ಫೋನ್ 'ಈ ನೆಟ್‌ವರ್ಕ್‌ನಲ್ಲಿ ಇಂಟರ್ನೆಟ್ ಇಲ್ಲ, ಉಳಿಯಬೇಕೇ?' ಎಂದು ಕೇಳುತ್ತದೆ. ಬೇಡ ಎಂದರೆ ಮಾತುಕತೆ ಅಲ್ಲೇ ಮುರಿಯಿತು. ಮೊಬೈಲ್ ಡೇಟಾ ಆನ್ ಇದ್ದರೆ ಕೆಲವು ಫೋನುಗಳು ಕೇಳದೆಯೇ ಆ ಕಡೆ ಜಾರುತ್ತವೆ. ಅದಕ್ಕೆ ಡೇಟಾ ಆಫ್ ಮಾಡಿಕೊಳ್ಳಬೇಕು. ಇನ್ನೊಂದು, ಆ್ಯಪ್ ಲೊಕೇಶನ್ ಅನುಮತಿ ಕೇಳುತ್ತದೆ. ಗುಡಿಸುವ ಯಂತ್ರಕ್ಕೆ ನನ್ನ ಸ್ಥಳ ಯಾಕೆ ಎಂದು ನಾನು ಬೇಡ ಎಂದಿದ್ದೆ. ಸುತ್ತಲಿನ ವೈಫೈ ಹೆಸರುಗಳ ಪಟ್ಟಿಯಿಂದಲೇ ನಾವು ಎಲ್ಲಿದ್ದೇವೆಂದು ಕಂಡುಹಿಡಿಯಬಹುದು. ಹಾಗಾಗಿ ಆಂಡ್ರಾಯ್ಡ್ ಆ ಪಟ್ಟಿಯನ್ನು ನೋಡುವುದನ್ನೇ ಲೊಕೇಶನ್ ಅನುಮತಿಗೆ ಕಟ್ಟಿಹಾಕಿತ್ತು. ಹೊಸ ಆವೃತ್ತಿಗಳಲ್ಲಿ ಇದಕ್ಕೆ ಬೇರೆ ಅನುಮತಿಯೂ ಇದೆ. 'ಆ್ಯಪ್ ಬಳಸುವಾಗ ಮಾತ್ರ' ಎಂದು ಕೊಟ್ಟು, ಕೆಲಸ ಮುಗಿದ ಮೇಲೆ ಹಿಂದೆ ತೆಗೆದುಕೊಂಡರಾಯಿತು.

ಇಷ್ಟು ಮಾಡಿದರೂ ವಿಫಲ. ಅಂದರೆ ತೊಂದರೆ ಎರಡನೆಯ ಗುಂಪಿನಲ್ಲಿ, ರೋಬೋಟ್ ಮತ್ತು ರೂಟರ್ ನಡುವೆ.

12.5 ಸೆಂಟಿಮೀಟರಿನ ಅಲೆ

ನಮ್ಮ ರೂಟರ್ ಎರಡು ಹೆಸರುಗಳನ್ನು ಪ್ರಸಾರ ಮಾಡುತ್ತದೆ. ಎರಡಕ್ಕೂ ಪಾಸ್‌ವರ್ಡ್ ಒಂದೇ, ಆದರೆ ಒಂದರ ಕೊನೆಯಲ್ಲಿ '5ಜಿ' ಎಂದಿದೆ. ಇದು ಸಿಮ್‌ನ 5ಜಿ ಅಲ್ಲ. 5 ಗಿಗಾಹರ್ಟ್ಸ್ ಎಂದು ಅರ್ಥ. ಇನ್ನೊಂದು 2.4 ಗಿಗಾಹರ್ಟ್ಸ್. ನಮ್ಮ ಫೋನುಗಳು ಸದಾ ಇರುವುದು ವೇಗ ಹೆಚ್ಚಿರುವ 5ರಲ್ಲಿ. ಆ್ಯಪ್ ಫೋನ್ ಇರುವ ನೆಟ್‌ವರ್ಕಿನ ಹೆಸರನ್ನೇ ತಾನಾಗಿ ತುಂಬುತ್ತಿತ್ತು. ರೋಬೋಟಿನ ಚಿಪ್ಪಿಗೋ 2.4 ಮಾತ್ರ ಕೇಳಿಸುತ್ತದೆ. ಕಿವಿಗೆ ಬೀಳದ ಹೆಸರನ್ನು ಅದು ಹುಡುಕುತ್ತಲೇ ಇತ್ತು! ಅಣ್ಣನ ಪಾಸ್‌ವರ್ಡ್ ಸರಿಯೇ ಇತ್ತು, ತಪ್ಪಿದ್ದದ್ದು ಹೆಸರು.

ಕಂಪೆನಿಗಳು 2.4ನ್ನೇ ಯಾಕೆ ಆರಿಸುತ್ತವೆ? ದ್ವಿತೀಯ ಪಿಯುಸಿಯ ವಿದ್ಯುತ್ಕಾಂತೀಯ ತರಂಗಗಳ ಪಾಠ ನೆನಪಿಸಿಕೊಳ್ಳಿ. ತರಂಗಾಂತರ ಎಂದರೆ ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದ್ದು. 2.4 ಗಿಗಾಹರ್ಟ್ಸ್‌ಗೆ ಅದು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ಗೆ 6 ಸೆಂಟಿಮೀಟರ್. ಒಂದೇ ಬಗೆಯ ಆಂಟೆನಾ ಇಟ್ಟು ಆವೃತ್ತಿಯನ್ನು ಎರಡು ಪಟ್ಟು ಮಾಡಿದರೆ, ಅಷ್ಟೇ ದೂರದಲ್ಲಿ ಸಿಗುವ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಗೋಡೆಗಳೂ ಸಾಮಾನ್ಯವಾಗಿ ಹೆಚ್ಚಿನ ಆವೃತ್ತಿಯನ್ನೇ ಹೆಚ್ಚು ಹೀರುತ್ತವೆ. ನಮ್ಮ ಕರಾವಳಿಯ ಮನೆಗಳ ಕೆಂಪುಕಲ್ಲಿನ ದಪ್ಪ ಗೋಡೆಗಳ ವಿಷಯ ಹೇಳಬೇಕೇ? ಮೂಲೆ ಮೂಲೆಗೆ ಹೋಗುವ ರೋಬೋಟಿಗೆ ಬೇಕಾದದ್ದು ದೂರ ತಲುಪುವ ಅಲೆ. ಅದು ಕಳಿಸುವುದು 'ಶುರು ಮಾಡಿದೆ', 'ಬ್ಯಾಟರಿ ಮುಗಿಯಿತು' ಎಂಬಂಥ ಸಣ್ಣ ಸಂದೇಶಗಳನ್ನು. ಅದಕ್ಕೆ ದೊಡ್ಡ ವೇಗ ಬೇಡ. 2.4ರ ಚಿಪ್ಪು ಅಗ್ಗ ಕೂಡ.

ಫೋನನ್ನು 2.4ರ ಹೆಸರಿಗೆ ಬದಲಿಸಿ, ರೋಬೋಟನ್ನು ಚಾವಡಿಗೆ ತಂದು ರೂಟರಿನ ಹತ್ತಿರ ಇಟ್ಟು ಮತ್ತೆ ಪ್ರಯತ್ನಿಸಿದೆ. ಒಂದೇ ನಿಮಿಷದಲ್ಲಿ ಸೇರಿತು. ಅಡುಗೆಮನೆಯಿಂದ ಉಮ್ಮ ಓಡಿ ಬಂದರು, ಮೊಣಕಾಲು ನೋವು ಮರೆತು.

ನಿಮ್ಮ ರೂಟರ್ ಎರಡಕ್ಕೂ ಒಂದೇ ಹೆಸರು ಇಟ್ಟಿದ್ದು, ಸಾಧನ ಸೇರದಿದ್ದರೆ ರೂಟರಿನ ಪುಟ ತೆರೆಯಿರಿ. ಅದರ ವಿಳಾಸ ರೂಟರಿನ ಕೆಳಗಿನ ಚೀಟಿಯಲ್ಲಿರುತ್ತದೆ. ಹಲವು ಕಡೆ 192.168.1.1. ಅಲ್ಲಿ ಹತ್ತು ನಿಮಿಷ 5ನ್ನು ಆಫ್ ಮಾಡಿ ನೋಡಿ. ಭದ್ರತೆಯ ಆಯ್ಕೆಯಲ್ಲಿ 2018ರಲ್ಲಿ ಬಂದ ಡಬ್ಲ್ಯುಪಿಎ3 ಮಾತ್ರ ಇದ್ದರೆ ಹಳೆಯ ಚಿಪ್ಪುಗಳು ಒಳಗೆ ಬರಲಾರವು, ಡಬ್ಲ್ಯುಪಿಎ2 ಕೂಡ ಇರುವ ಆಯ್ಕೆ ಇಡಿ. ವೈಫೈ ಹೆಸರನ್ನು ಕನ್ನಡದಲ್ಲಿ ಇಟ್ಟವರಿಗೆ ಒಂದು ಮಾತು: ಹೆಸರಿಗೆ ಇರುವ ಜಾಗ 32 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಒತ್ತಿನ ಗುರುತು, ಸ್ವರಚಿಹ್ನೆಗೂ 3 ಬೈಟ್ ಬೇಕು. ನಿಯಮದಲ್ಲಿ ಇದಕ್ಕೆ ಅಡ್ಡಿ ಇಲ್ಲ, ಆದರೆ ಅಗ್ಗದ ಸಾಧನಗಳು ಇಂಥ ಹೆಸರಿನ ಮುಂದೆ ತಡವರಿಸಬಹುದು.

ದುಬೈಯಿಂದ ಓಡಿದ ರೋಬೋಟ್

ಇಲ್ಲಿಗೆ ಲೇಖನ ಮುಗಿಯಬೇಕಿತ್ತು. ಆದರೆ ನಾನು ಒಂದು ವಿಷಯ ಯೋಚಿಸದೆ ಮಾಡಿದ್ದೆ. ಭಾರತ ಎಂದು ಆರಿಸಿ ಹೊಸ ಖಾತೆ ತೆರೆದಾಗ, ಈ ಸಾಧನ ಈ ಪ್ರದೇಶದ್ದಲ್ಲ ಎಂದು ಆ್ಯಪ್ ಹೇಳಿತ್ತು. ಕೆಲವು ಕಂಪೆನಿಗಳ ಸಾಧನಗಳು ಮಾರಿದ ಪ್ರದೇಶದ ಸರ್ವರಿಗೆ ಮಾತ್ರ ಹೊಂದಿಕೊಳ್ಳುತ್ತವೆ. ಆದ್ದರಿಂದ ಅಣ್ಣನನ್ನು ಕೇಳಿ ಅವನ ಖಾತೆಯಲ್ಲೇ ಸೇರಿಸಿಬಿಟ್ಟಿದ್ದೆ.

ಎರಡು ದಿನ ಕಳೆದು ರಾತ್ರಿ ಊಟದ ಹೊತ್ತಿಗೆ ಯಾರೂ ಮುಟ್ಟದ ರೋಬೋಟ್ ಮಂಚದ ಕೆಳಗಿನಿಂದ ಹೊರಟು ಬಂತು. ಉಮ್ಮ ಬೆಚ್ಚಿ ಎದ್ದು ನಿಂತರು. ಅಷ್ಟರಲ್ಲಿ ಅಣ್ಣನ ಫೋನ್, ನಗುತ್ತಿದ್ದ. ಒತ್ತಿದ್ದು ಅವನೇ! ಜೊತೆಗೆ ಒಂದು ಚಿತ್ರವನ್ನೂ ಕಳಿಸಿದ. ರೋಬೋಟ್ ಬರೆದ ನಮ್ಮ ಮನೆಯ ನಕ್ಷೆ. ಚಾವಡಿ, ಅಡುಗೆಮನೆ, ಉಮ್ಮನ ಕೋಣೆ, ಮಂಚದ ಜಾಗ ಸಹಿತ.

ಉಮ್ಮ ನಗಲಿಲ್ಲ. "ನಮ್ಮ ಮನೆಯ ಒಳಗು ಅಲ್ಲಿಗೆ ಹೇಗೆ ಹೋಯಿತು? ಅವನು ನನ್ನ ಮಗ, ಸರಿ. ಇನ್ನು ಯಾರಿಗೆಲ್ಲ ಕಾಣುತ್ತದೆ?" ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಓದಿ ತಿಳಿದುಕೊಂಡೆ. ಫೋನ್ ಮತ್ತು ರೋಬೋಟ್ ಒಂದೇ ಕೋಣೆಯಲ್ಲಿದ್ದರೂ ಸಾಮಾನ್ಯವಾಗಿ ನಮ್ಮ ಆಜ್ಞೆ ಸರ್ವರಿಗೆ ಹೋಗಿ ಹಿಂದೆ ಬರುತ್ತದೆ. ನಕ್ಷೆಯೂ ಅದೇ ದಾರಿಯಲ್ಲಿ ಹೋಗುತ್ತದೆ. ನಮ್ಮದು ಲೇಸರ್ ಕಿರಣದಿಂದ ದೂರ ಅಳೆಯುವ, ಕ್ಯಾಮೆರಾ ಇಲ್ಲದ ಮಾದರಿ. ಕ್ಯಾಮೆರಾ ಇರುವವೂ ಇವೆ. ಐರೋಬೋಟ್ ಕಂಪೆನಿಯ ರೋಬೋಟುಗಳು ಮನೆಗಳೊಳಗೆ ತೆಗೆದ ಚಿತ್ರಗಳು, ಸ್ನಾನದ ಮನೆಯಲ್ಲಿದ್ದ ಒಬ್ಬ ಮಹಿಳೆಯ ಚಿತ್ರ ಸಹಿತ, ಜಾಲತಾಣಗಳಿಗೆ ಸೋರಿದ್ದನ್ನು 2022ರಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ವರದಿ ಮಾಡಿತ್ತು. ಅವು ಅಂಗಡಿಯಲ್ಲಿ ಮಾರುವವಲ್ಲ, ಒಪ್ಪಿಗೆ ಕೊಟ್ಟವರ ಮನೆಯಲ್ಲಿಟ್ಟ ಪ್ರಯೋಗದ ಯಂತ್ರಗಳು ಎಂದು ಕಂಪೆನಿ ಹೇಳಿತು. ಯಂತ್ರಕ್ಕೆ ವಸ್ತುಗಳನ್ನು ಗುರುತಿಸಲು ಕಲಿಸುವುದಕ್ಕಾಗಿ ಆ ಚಿತ್ರಗಳನ್ನು ಬೇರೆ ದೇಶದ ಕೆಲಸಗಾರರಿಗೆ ಕಳಿಸಲಾಗಿತ್ತು, ಸೋರಿದ್ದು ಅಲ್ಲಿಂದ. ಒಪ್ಪಿಗೆ ಕೊಟ್ಟವರು ಇಷ್ಟು ದೂರ ಯೋಚಿಸಿರುತ್ತಾರೆಯೇ?

ಈಗ ನಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಡು ಹೀಗಿದೆ. ಉಮ್ಮನ ಹೆಸರಿನಲ್ಲಿ ಹೊಸ ಖಾತೆ, ಪ್ರದೇಶ ಮಾತ್ರ ಯಂತ್ರ ಕೊಂಡ ಕಡೆಯದು. ಅಣ್ಣನಿಗೆ ಪಾಸ್‌ವರ್ಡ್ ಕೊಡುವ ಬದಲು ಆ್ಯಪಿನಲ್ಲಿರುವ 'ಹಂಚಿಕೊಳ್ಳಿ' ಆಯ್ಕೆ, ಅದನ್ನು ಬೇಕಾದಾಗ ನಿಲ್ಲಿಸಬಹುದು. ರೂಟರಿನಲ್ಲಿ ಅತಿಥಿಗಳಿಗೆಂದು ಇರುವ ಪ್ರತ್ಯೇಕ ನೆಟ್‌ವರ್ಕನ್ನು 2.4ರಲ್ಲಿ ತೆರೆದು ರೋಬೋಟನ್ನು ಅದಕ್ಕೆ ಸೇರಿಸಿದ್ದೇವೆ. ಅಲ್ಲಿಂದ ನಮ್ಮ ಕಂಪ್ಯೂಟರ್, ಫೋನುಗಳ ಕಡೆಗೆ ಅದಕ್ಕೆ ದಾರಿ ಇಲ್ಲ. ರೂಟರಿನ ಚೀಟಿಯಲ್ಲಿದ್ದ ಹಳೆಯ ಪಾಸ್‌ವರ್ಡ್‌ಗಳನ್ನು ಬದಲಿಸಿದ್ದಾಯಿತು. ಮುಂದೆ ಎಂದಾದರೂ ಈ ಯಂತ್ರವನ್ನು ಯಾರಿಗಾದರೂ ಕೊಟ್ಟರೆ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ, ಖಾತೆಯಿಂದಲೂ ತೆಗೆಯಬೇಕು. ಇಲ್ಲದಿದ್ದರೆ ನಮ್ಮ ವೈಫೈ ಪಾಸ್‌ವರ್ಡ್, ಮನೆಯ ನಕ್ಷೆ ಎರಡೂ ಅದರ ಹೊಟ್ಟೆಯಲ್ಲೇ ಉಳಿಯಬಹುದು.

ಇದನ್ನೆಲ್ಲ ಉಮ್ಮನ ಎದುರೇ ಕುಳಿತು ಮಾಡಿದೆ, ಪ್ರತಿ ಆಯ್ಕೆ ಏನೆಂದು ಅವರಿಗೆ ಹೇಳುತ್ತಾ. ಮೊದಲ ದಿನವೇ ಹೀಗೆ ಮಾಡಬೇಕಿತ್ತು. ಪಾಸ್‌ವರ್ಡ್ ಕೊಡುವುದೆಂದರೆ ಮನೆಯ ಕೀಲಿ ಕೊಟ್ಟ ಹಾಗೆ, ಆ ಮನೆಯಲ್ಲಿ ಇಡೀ ದಿನ ಇರುವವರನ್ನೇ ನಾನು ಕೇಳಿರಲಿಲ್ಲ.

ಈಗ ಬೆಳಗ್ಗೆ ನಾನು ಕಾಲೇಜಿಗೆ ಹೊರಟ ಮೇಲೆ ಉಮ್ಮ ತಮ್ಮ ಫೋನಿನಿಂದಲೇ ಅದನ್ನು ಓಡಿಸುತ್ತಾರೆ. ಅಣ್ಣನ ಹಂಚಿಕೆಯನ್ನು ತೆಗೆಯಲೇ ಎಂದು ಕೇಳಿದ್ದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಬೇಡ ಮಗಳೇ, ಇರಲಿ. ಅವನು ಅಲ್ಲಿಂದ ಬೇಕಾದರೆ ಗುಡಿಸಲಿ. ಆದರೆ ಮೊದಲು ಫೋನ್ ಮಾಡಿ ನನ್ನನ್ನು ಕೇಳಲಿ."

ಅಂದಿನಿಂದ ಅಣ್ಣ ವಾರಕ್ಕೆ ಎರಡು ಸಲ ಹೆಚ್ಚು ಫೋನ್ ಮಾಡುತ್ತಿದ್ದಾನೆ.