ಲೋವರ್ ಅರ್ಲಿಯಲ್ಲಿ ಬಾಡಿಗೆ ಮನೆ: ಕೀಲಿಕೈ ಪಡೆಯುವ ಮೊದಲು ತಿಳಿಯಬೇಕಾದ್ದು

ಲಂಡನ್ನಿನ ಪಶ್ಚಿಮಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿರುವ ರೆಡಿಂಗ್, ಥೇಮ್ಸ್ ಕಣಿವೆಯ ಮಾಹಿತಿ ತಂತ್ರಜ್ಞಾನ ಉದ್ದಿಮೆಯ ಪ್ರಮುಖ ನೆಲೆ. ನಗರದ ಸ್ಥಾನಮಾನಕ್ಕಾಗಿ ಹಲವು ಬಾರಿ ಅರ್ಜಿ ಸಲ್ಲಿಸಿದ್ದರೂ ಅಧಿಕೃತವಾಗಿ ಅದು ಇಂದಿಗೂ ಪಟ್ಟಣವೇ. ಉದ್ಯೋಗ ನಿಮಿತ್ತ ಭಾರತದಿಂದ ಇಲ್ಲಿಗೆ ಬರುವವರಲ್ಲಿ ಬೆಂಗಳೂರಿನವರೂ ಇದ್ದಾರೆ. ಪಟ್ಟಣದ ಆಗ್ನೇಯ ಅಂಚಿಗೆ ಹೊಂದಿಕೊಂಡಿರುವ ಲೋವರ್ ಅರ್ಲಿ ಎಂಬ ಬಡಾವಣೆ ಇಂಥವರ ಮನೆ ಹುಡುಕಾಟದಲ್ಲಿ ಮತ್ತೆ ಮತ್ತೆ ಎದುರಾಗುವ ಹೆಸರು.

ಹೊಸದಾಗಿ ಬಂದವರು ಸಾಮಾನ್ಯವಾಗಿ ಬಾಡಿಗೆ ಎಷ್ಟು, ಕಚೇರಿ ಎಷ್ಟು ದೂರ ಎಂಬ ಎರಡೇ ಪ್ರಶ್ನೆಗಳನ್ನು ಕೇಳುತ್ತಾರೆ. ಆದರೆ ಕೈಬಿಟ್ಟು ಹೋಗುವ ಹಣವಾಗಲಿ, ಮನೆ ತೆರವು ಮಾಡಬೇಕಾದ ಸಂಕಟವಾಗಲಿ ಈ ಎರಡರಿಂದ ನಿರ್ಧಾರವಾಗುವುದಿಲ್ಲ. ಅದನ್ನು ನಿರ್ಧರಿಸುವುದು ಸಹಿ ಹಾಕುವ ಕರಾರು ಮತ್ತು ಅದರ ಹಿಂದಿರುವ ಕಾನೂನು.

ವಿಳಾಸ ಒಂದು, ಆಡಳಿತ ಮತ್ತೊಂದು

1977ರಲ್ಲಿ ನಿರ್ಮಾಣ ಆರಂಭವಾದ ಲೋವರ್ ಅರ್ಲಿ, ಖಾಸಗಿ ನಿರ್ಮಾಣ ಸಂಸ್ಥೆಗಳು ಹೊಲಗದ್ದೆಗಳಿದ್ದ ಜಾಗದಲ್ಲಿ ಕಟ್ಟಿದ ಬೃಹತ್ ವಸತಿ ಬಡಾವಣೆ. ಮಧ್ಯದಲ್ಲಿ ದೊಡ್ಡ ಸೂಪರ್ ಮಾರ್ಕೆಟ್ ಇರುವ ವಾಣಿಜ್ಯ ಕೇಂದ್ರ, ಸುತ್ತಲೂ ಒಂದು ತುದಿಯಲ್ಲಿ ಮುಚ್ಚಿಹೋಗುವ ಕಿರು ರಸ್ತೆಗಳು, ಆ ರಸ್ತೆಗಳ ಇಕ್ಕೆಲಗಳಲ್ಲಿ ಒತ್ತೊತ್ತಾಗಿ ನಿಂತ ಇಟ್ಟಿಗೆಯ ಮನೆಗಳು ಇದರ ಸ್ವರೂಪ.

ಇಲ್ಲಿನ ಅಂಚೆ ವಿಳಾಸದಲ್ಲಿ ರೆಡಿಂಗ್ ಎಂದೂ, ಆರ್‌ಜಿ6 ಎಂಬ ಅಂಚೆ ಸಂಕೇತವೂ ಇರುತ್ತದೆ. ಆದರೆ ಬಡಾವಣೆಯು ರೆಡಿಂಗ್ ಕೌನ್ಸಿಲ್‌ನ ವ್ಯಾಪ್ತಿಗೆ ಸೇರಿಲ್ಲ. ಅದು ವೋಕಿಂಗ್‌ಹ್ಯಾಮ್ ಬರೋ ಕೌನ್ಸಿಲ್‌ನ ಆಡಳಿತಕ್ಕೆ ಒಳಪಟ್ಟಿದೆ. ಕೌನ್ಸಿಲ್ ತೆರಿಗೆ, ಮಕ್ಕಳ ಶಾಲಾ ಪ್ರವೇಶದ ಅರ್ಜಿ, ಕಸ ವಿಲೇವಾರಿ, ಮನೆಯ ದುಃಸ್ಥಿತಿಯ ಕುರಿತ ದೂರು ಎಲ್ಲವೂ ಅಲ್ಲಿಗೇ ಹೋಗಬೇಕು. ಶಾಲೆಗಳ ಪ್ರವೇಶ ಮನೆಯ ವಿಳಾಸವನ್ನು ಬಹುಮಟ್ಟಿಗೆ ಅವಲಂಬಿಸಿರುವುದರಿಂದ, ಮಕ್ಕಳಿರುವ ಕುಟುಂಬಗಳು ಕರಾರಿಗೆ ಮುನ್ನವೇ ಪ್ರವೇಶ ವಲಯವನ್ನು ಪರಿಶೀಲಿಸುವುದು ಒಳಿತು.

ಅರ್ಲಿ ರೈಲು ನಿಲ್ದಾಣದಿಂದ ರೆಡಿಂಗ್ ಮುಂದಿನ ನಿಲ್ದಾಣವೇ. ಆದರೆ ಅದು ಅರ್ಲಿಯ ಉತ್ತರ ಭಾಗದಲ್ಲಿದೆ; ಬಡಾವಣೆಯ ದಕ್ಷಿಣದ ಮನೆಗಳವರಿಗೆ ವಿಶ್ವವಿದ್ಯಾಲಯದ ಮಾರ್ಗವಾಗಿ ಪಟ್ಟಣಕ್ಕೆ ಹೋಗುವ ಬಸ್ಸೇ ಹೆಚ್ಚು ಅನುಕೂಲ. ರೆಡಿಂಗ್‌ನಿಂದ ಮಧ್ಯ ಲಂಡನ್ನಿಗೆ ಎಲಿಜಬೆತ್ ಮಾರ್ಗದ ನೇರ ರೈಲುಗಳು 2022ರ ನವೆಂಬರ್‌ನಿಂದ ಸಂಚರಿಸುತ್ತಿವೆ.

ಚದರ ಅಡಿಯ ಲೆಕ್ಕವಿಲ್ಲ

ನಮ್ಮಲ್ಲಿ ಮನೆಯ ಅಳತೆಯನ್ನು ಚದರ ಅಡಿಯಲ್ಲಿ ಕೇಳುವುದು ರೂಢಿ. ಇಂಗ್ಲೆಂಡಿನ ಬಾಡಿಗೆ ಜಾಹೀರಾತುಗಳಲ್ಲಿ ಮುಖ್ಯವಾಗುವುದು ಮಲಗುವ ಕೋಣೆಗಳ ಸಂಖ್ಯೆ. ಮೂರು ಕೋಣೆಗಳ ಮನೆಯೆಂದರೆ ಮೂರನೆಯದು ಹಲವು ಬಾರಿ ಒಂದು ಮಂಚ ಹಿಡಿಸುವಷ್ಟೇ ಇರುತ್ತದೆ. ಅದನ್ನು ಅಲ್ಲಿನವರು ಬಾಕ್ಸ್ ರೂಮ್ ಎನ್ನುತ್ತಾರೆ. ಆದ್ದರಿಂದ ಕೋಣೆಗಳ ಉದ್ದಗಲ ತೋರಿಸುವ ನಕ್ಷೆಯನ್ನು ಕೇಳಿ ಪಡೆಯಬೇಕು.

ಪುಟ್ಟ ಮನೆಯ ಇನ್ನೊಂದು ಸಮಸ್ಯೆ ತೇವ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಅಡುಗೆ ಮಾಡಿದಾಗ, ಒಗೆದ ಬಟ್ಟೆಯನ್ನು ಒಳಗೇ ಒಣಗಿಸಿದಾಗ ಆವಿಯು ತಣ್ಣನೆಯ ಗೋಡೆಯ ಮೇಲೆ ನೀರಾಗಿ ಕೂತು ಬೂಷ್ಟು ಹಿಡಿಯುತ್ತದೆ. ಗಾಳಿಯಾಡಿಸುವುದು ಬಾಡಿಗೆದಾರನ ಹೊಣೆ. ಛಾವಣಿ ಸೋರಿಕೆ, ಕೊಳಾಯಿ, ಶಾಖ ವ್ಯವಸ್ಥೆಯ ದುರಸ್ತಿ 1985ರ ಕಾಯ್ದೆಯಂತೆ ಮಾಲೀಕನ ಹೊಣೆ. ಮನೆ ವಾಸಯೋಗ್ಯವಾಗಿರಬೇಕೆಂಬ 2018ರ ಕಾಯ್ದೆಯೂ ಮಾಲೀಕನಿಗೆ ಅನ್ವಯಿಸುತ್ತದೆ. ಯಾವುದು ಯಾರ ತಪ್ಪು ಎಂಬ ವಿವಾದ ಬಂದಾಗ ದಿನಾಂಕ ಸಹಿತ ಛಾಯಾಚಿತ್ರ ಮತ್ತು ಲಿಖಿತ ದೂರುಗಳೇ ಆಧಾರ.

ಹತ್ತು ತಿಂಗಳಲ್ಲ, ಐದು ವಾರ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟು ಅಭ್ಯಾಸವಾದವರಿಗೆ ಇಂಗ್ಲೆಂಡಿನ ಮಿತಿ ಅಚ್ಚರಿ ತರಬಹುದು. 2019ರ ಬಾಡಿಗೆದಾರರ ಶುಲ್ಕ ಕಾಯ್ದೆಯ ಪ್ರಕಾರ, ವಾರ್ಷಿಕ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆಯಿದ್ದರೆ ಠೇವಣಿ ಐದು ವಾರಗಳ ಬಾಡಿಗೆಯನ್ನು ಮೀರುವಂತಿಲ್ಲ. ಮನೆಯನ್ನು ಕಾಯ್ದಿರಿಸಲು ಪಡೆಯುವ ಮೊತ್ತ ಒಂದು ವಾರದ ಬಾಡಿಗೆಗೆ ಸೀಮಿತ. ಉದಾಹರಣೆಗೆ, ಮಾಸಿಕ ಬಾಡಿಗೆ 1,300 ಪೌಂಡ್ ಎಂದಿಟ್ಟುಕೊಂಡರೆ ವಾರಕ್ಕೆ 300 ಪೌಂಡ್ ಆಗುತ್ತದೆ. ಅಂದರೆ ಠೇವಣಿಯ ಗರಿಷ್ಠ ಮಿತಿ 1,500 ಪೌಂಡ್. ಕರಾರು ಪತ್ರದ ಶುಲ್ಕ, ಪರಿಶೀಲನಾ ಶುಲ್ಕ ಎಂದು ಬಾಡಿಗೆದಾರನಿಂದ ಹಣ ಕೇಳುವುದು ಕಾನೂನುಬಾಹಿರ.

ಠೇವಣಿಯು ಮಾಲೀಕನ ಕಿಸೆಯಲ್ಲಿ ಉಳಿಯುವ ಹಣವೂ ಅಲ್ಲ. ಅದನ್ನು ಪಡೆದ 30 ದಿನಗಳೊಳಗೆ ಸರ್ಕಾರದ ಅನುಮೋದನೆಯಿರುವ ರಕ್ಷಣಾ ಯೋಜನೆಯೊಂದಕ್ಕೆ ಒಳಪಡಿಸಿ, ಅದರ ವಿವರವನ್ನು ಬಾಡಿಗೆದಾರನಿಗೆ ನೀಡಬೇಕು. ತಪ್ಪಿದರೆ ಠೇವಣಿಯ ಒಂದರಿಂದ ಮೂರು ಪಟ್ಟು ಮೊತ್ತವನ್ನು ಕೊಡುವಂತೆ ನ್ಯಾಯಾಲಯ ಆದೇಶಿಸಬಹುದು. ಮನೆ ಬಿಡುವಾಗ ಜಗಳಕ್ಕೆ ಕಾರಣವಾಗುವುದು ಬಹುತೇಕ ಸಣ್ಣ ಸಂಗತಿಗಳೇ: ಕಾರ್ಪೆಟ್ ಮೇಲಿನ ಅರಿಶಿನದ ಕಲೆ, ಓವನ್ನಿನ ಜಿಡ್ಡು, ಗೋಡೆಗೆ ಹೊಡೆದ ಮೊಳೆ. ಪ್ರವೇಶದ ದಿನವೇ ಮನೆಯ ಸ್ಥಿತಿಯ ಪಟ್ಟಿಯನ್ನು ಓದಿ, ಲೋಪಗಳನ್ನು ಬರೆಸಿಕೊಂಡವರಿಗೆ ಆ ಜಗಳದಲ್ಲಿ ಬಲವಿರುತ್ತದೆ.

ಬಾಡಿಗೆಯ ಜೊತೆಗೆ ಕೌನ್ಸಿಲ್ ತೆರಿಗೆ, ವಿದ್ಯುತ್, ಅನಿಲ, ನೀರು, ಅಂತರ್ಜಾಲದ ವೆಚ್ಚವನ್ನೂ ಸಾಮಾನ್ಯವಾಗಿ ಬಾಡಿಗೆದಾರನೇ ಭರಿಸಬೇಕು. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ಕೌನ್ಸಿಲ್ ತೆರಿಗೆಯಲ್ಲಿ ಶೇ 25ರಷ್ಟು ರಿಯಾಯಿತಿ ಉಂಟು. ಆದರೆ ಅದಕ್ಕೆ ಅರ್ಜಿ ಸಲ್ಲಿಸಬೇಕು.

ಹೊಸಬರ ಮೊದಲ ತೊಡಕು

ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ನೀಡುವ ಮೊದಲು ಬಾಡಿಗೆದಾರನಿಗೆ ದೇಶದಲ್ಲಿ ನೆಲೆಸಲು ಅನುಮತಿಯಿದೆಯೇ ಎಂದು ಮಾಲೀಕ ಪರಿಶೀಲಿಸಬೇಕು. ಈ ನಿಯಮ 2016ರ ಫೆಬ್ರವರಿಯಿಂದ ಇಡೀ ಇಂಗ್ಲೆಂಡಿಗೆ ಅನ್ವಯವಾಗಿದೆ. ಡಿಜಿಟಲ್ ವೀಸಾ ಹೊಂದಿದವರು ತಮ್ಮ ಖಾತೆಯಿಂದ ಪಡೆಯುವ ಹಂಚಿಕೆ ಸಂಕೇತವನ್ನು ಇದಕ್ಕಾಗಿ ಒದಗಿಸಬೇಕು.

ನಿಜವಾದ ತೊಡಕು ಆದಾಯದ ಪರಿಶೀಲನೆ. ವಾರ್ಷಿಕ ಆದಾಯವು ತಿಂಗಳ ಬಾಡಿಗೆಯ 30 ಪಟ್ಟು ಇರಬೇಕೆಂಬುದು ಏಜೆಂಟರಲ್ಲಿ ಪ್ರಚಲಿತವಿರುವ ಅಳತೆಗೋಲು. ಆ ದೇಶದಲ್ಲಿ ಸಾಲದ ಚರಿತ್ರೆಯೇ ಇಲ್ಲದ ಹೊಸಬರಿಗೆ ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೊಡಿ ಎನ್ನುವ ಪರಿಪಾಠ ಬೆಳೆದಿತ್ತು. 2025ರ ಅಕ್ಟೋಬರ್ 27ರಂದು ರಾಜಸಮ್ಮತಿ ಪಡೆದ ಬಾಡಿಗೆದಾರರ ಹಕ್ಕುಗಳ ಕಾಯ್ದೆಯು 2026ರ ಮೇ 1ರಿಂದ ಆರಂಭವಾಗುವ ಕರಾರುಗಳಲ್ಲಿ ಒಂದು ತಿಂಗಳಿಗಿಂತ ಹೆಚ್ಚಿನ ಮುಂಗಡ ಬಾಡಿಗೆ ಕೇಳುವುದನ್ನು ನಿಷೇಧಿಸುತ್ತದೆ. ಜಾಹೀರಾತಿನಲ್ಲಿ ನಮೂದಿಸಿದ ಬಾಡಿಗೆಗಿಂತ ಹೆಚ್ಚು ಕೇಳುವಂತೆಯೂ ಇಲ್ಲ, ಒಪ್ಪಿಕೊಳ್ಳುವಂತೆಯೂ ಇಲ್ಲ. ಆದರೆ ಜಾಮೀನುದಾರರನ್ನು ಕೇಳಲು ಅವಕಾಶ ಉಳಿದಿದೆ. ಉದ್ಯೋಗದಾತ ಸಂಸ್ಥೆಯಿಂದ ಸಂಬಳದ ಪತ್ರವನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು ಇದರಿಂದ ಇನ್ನಷ್ಟು ಮುಖ್ಯವಾಗಿದೆ.

ಕಾರಣವಿಲ್ಲದೆ ಬಿಡಿಸುವಂತಿಲ್ಲ

ಇದೇ ಕಾಯ್ದೆಯ ಅತಿ ದೊಡ್ಡ ಬದಲಾವಣೆ ತೆರವಿಗೆ ಸಂಬಂಧಿಸಿದ್ದು. 1988ರ ವಸತಿ ಕಾಯ್ದೆಯ 21ನೇ ಕಲಮಿನಡಿ ಮಾಲೀಕನು ಕಾರಣ ಹೇಳದೆ ಎರಡು ತಿಂಗಳ ನೋಟಿಸ್ ನೀಡಬಹುದಾಗಿತ್ತು. 2026ರ ಮೇ 1ರಿಂದಾಚೆಗೆ ಅಂಥ ಹೊಸ ನೋಟಿಸಿಗೆ ಅವಕಾಶವಿಲ್ಲ. ಮನೆ ಮಾರಬೇಕೆಂದರೂ, ಸ್ವಂತ ವಾಸಕ್ಕೆ ಬೇಕೆಂದರೂ ನಾಲ್ಕು ತಿಂಗಳ ನೋಟಿಸ್ ಕೊಡಬೇಕು. ಈ ಕಾರಣಗಳಿಗಾಗಿ ಬಾಡಿಗೆಯ ಮೊದಲ ವರ್ಷದೊಳಗೆ ಮನೆ ಖಾಲಿ ಮಾಡಿಸುವಂತಿಲ್ಲ. ಬಾಡಿಗೆ ಏರಿಕೆ ವರ್ಷಕ್ಕೊಮ್ಮೆ ಮಾತ್ರ. ಅದು ಅತಿಯೆನಿಸಿದರೆ ನ್ಯಾಯಮಂಡಳಿಯ ಮೊರೆ ಹೋಗಬಹುದು. ಬಾಡಿಗೆದಾರನು ಎರಡು ತಿಂಗಳ ನೋಟಿಸ್ ನೀಡಿ ಹೊರಡಬಹುದು.

ಅವಿವಾಹಿತ ಉದ್ಯೋಗಿಗಳು ಒಟ್ಟಾಗಿ ಮನೆ ಹಿಡಿಯುವುದು ಸಾಮಾನ್ಯ. ಒಂದೇ ಕರಾರಿಗೆ ಎಲ್ಲರೂ ಸಹಿ ಹಾಕಿದ್ದರೆ ಒಬ್ಬನು ಕೊಡದ ಬಾಡಿಗೆಯನ್ನು ಉಳಿದವರಿಂದ ವಸೂಲು ಮಾಡಬಹುದು. ಅವಧಿ ನಿಗದಿಯಿಲ್ಲದ ಜಂಟಿ ಕರಾರಿನಲ್ಲಿ ಒಬ್ಬನು ಕೊಟ್ಟ ನೋಟಿಸ್ ಎಲ್ಲರ ಬಾಡಿಗೆಯನ್ನೂ ಕೊನೆಗೊಳಿಸುತ್ತದೆ. ಭಿನ್ನ ಕುಟುಂಬಗಳಿಗೆ ಸೇರಿದ ಐವರು ಅಥವಾ ಹೆಚ್ಚು ಮಂದಿ ಅಡುಗೆಮನೆ ಅಥವಾ ಸ್ನಾನಗೃಹ ಹಂಚಿಕೊಂಡು ವಾಸಿಸುವ ಮನೆಗೆ ಮಾಲೀಕನು ಕೌನ್ಸಿಲ್‌ನಿಂದ ಪರವಾನಗಿ ಪಡೆದಿರಬೇಕು. ಪರವಾನಗಿ ಪಡೆದ ಮನೆಯಲ್ಲಿ ಒಬ್ಬ ವಯಸ್ಕ ಮಲಗುವ ಕೋಣೆ ಕನಿಷ್ಠ 6.51 ಚದರ ಮೀಟರ್ ಇರಬೇಕು.

ಕಾನೂನು ಎಷ್ಟೇ ಬಲವಾಗಿದ್ದರೂ ಅದು ನೆರವಿಗೆ ಬರುವುದು ದಾಖಲೆ ಇದ್ದಾಗ ಮಾತ್ರ. ಮನೆಯನ್ನು ಕಣ್ಣಾರೆ ನೋಡದೆ, ಅಥವಾ ನಂಬಿಕಸ್ತರಿಂದ ನೋಡಿಸದೆ ಹಣ ರವಾನಿಸಬಾರದು. ಏಜೆಂಟರು ದೂರು ಪರಿಹಾರ ಯೋಜನೆಯ ಸದಸ್ಯರೇ, ಅನಿಲ ಸುರಕ್ಷತೆಯ ವಾರ್ಷಿಕ ಪ್ರಮಾಣಪತ್ರ ಇದೆಯೇ, ಮನೆಯ ಇಂಧನ ದಕ್ಷತೆಯ ಶ್ರೇಣಿ ಏನು ಎಂದು ಕೇಳುವುದು ಸಂಕೋಚದ ಮಾತಲ್ಲ. ಪರಿಚಯವಿಲ್ಲದ ಊರಿನಲ್ಲಿ ಬಂಧುಬಳಗದ ಮಾತಿನ ಭರವಸೆ ಇರುವುದಿಲ್ಲ. ಕರಾರು, ರಸೀದಿ ಮತ್ತು ಛಾಯಾಚಿತ್ರಗಳೇ ಅಲ್ಲಿ ಬಾಡಿಗೆದಾರನ ಪರವಾಗಿ ಮಾತನಾಡುವ ಸಾಕ್ಷಿಗಳು.