ಹೆಜ್ಜೆಗೆಷ್ಟು ಅಂಕ?

ಕನ್ನಡದಲ್ಲಿ ಕುಣಿತದ ಪಂಥವೊಂದನ್ನು ರೋಮಾಂಚನವಾಗುವಂತೆ ಬಣ್ಣಿಸಿದವನು 15ನೇ ಶತಮಾನದ ಚಾಮರಸ. ‘ಪ್ರಭುಲಿಂಗಲೀಲೆ’ಯಲ್ಲಿ ಶಿವ–ಪಾರ್ವತಿಯರು ಪಂಥ ಕಟ್ಟುತ್ತಾರೆ, ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಮಾಯೆ ಕುಣಿಯುತ್ತಾಳೆ, ಅಲ್ಲಮ ಮದ್ದಳೆ ನುಡಿಸುತ್ತಾನೆ. ತೀರ್ಪುಗಾರರಿಲ್ಲ, ಅಂಕಪಟ್ಟಿಯಿಲ್ಲ, ಸೋತವರು ಯಾರೆಂದು ಯಾರೂ ಕೇಳಬೇಕಾಗಿಲ್ಲ. ಹರಿಹರನ ಪ್ರಕಾರ ಅಲ್ಲಮನ ಊರು ಬಳ್ಳಿಗಾವಿ, ಶಿರಾಳಕೊಪ್ಪದ ಮಗ್ಗುಲಲ್ಲೇ ಇರುವುದು. ನಾಟ್ಯರಾಣಿ ಶಾಂತಲೆಯೂ ನಮ್ಮೂರವಳೇ ಎನ್ನುತ್ತಾರೆ ಅಲ್ಲಿನವರು. ಬೇಲೂರಿನವರು ಒಪ್ಪಲಿ, ಬಿಡಲಿ.

ಈಗ ಅಂಕಪಟ್ಟಿ ಬಂದಿದೆ. ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಕ್ಲಸ್ಟರಿನಲ್ಲಿ ಶುರುವಾಗಿ ತಾಲ್ಲೂಕು, ಜಿಲ್ಲೆ ದಾಟಿ ರಾಜ್ಯಮಟ್ಟ ಮುಟ್ಟುತ್ತದೆ. ಯುವಜನೋತ್ಸವಕ್ಕೆ ಇನ್ನೊಂದು ಮೆಟ್ಟಿಲು ಹೆಚ್ಚು. 1995ರಲ್ಲಿ ಭೋಪಾಲದಲ್ಲಿ ಮೊದಲಾದ ರಾಷ್ಟ್ರೀಯ ಯುವಜನೋತ್ಸವ 2023ರ ಜನವರಿಯಲ್ಲಿ ಹುಬ್ಬಳ್ಳಿ–ಧಾರವಾಡಕ್ಕೇ ಬಂದಿತ್ತು.

ಸೊರಬ, ಸಾಗರ, ಶಿಕಾರಿಪುರದ ಕಡೆಯಿಂದ ಈ ಮೆಟ್ಟಿಲು ಹತ್ತುವ ಕಸುವು ಇರುವುದು ಡೊಳ್ಳಿಗೆ. ಕುಣಿತಗಳಲ್ಲಿ ಆಟೋಟಕ್ಕೆ ಇದಕ್ಕಿಂತ ಹತ್ತಿರದ್ದು ನನಗೆ ಕಾಣದು. ಹೊಟ್ಟೆಯ ಮುಂದೆ ಮರದ ಹೊಳವು, ಚರ್ಮ, ಹಗ್ಗದ ಭಾರ. ಬಲಗೈಯಲ್ಲಿ ಕೋಲು, ಎಡಗೈ ಬರಿಗೈ. ಆ ಭಾರ ಹೊತ್ತು ಕೂರಬೇಕು, ಜಿಗಿಯಬೇಕು, ಸುತ್ತಬೇಕು. ಒಬ್ಬನ ಪೆಟ್ಟು ತಪ್ಪಿದರೆ ಇಡೀ ತಂಡವೇ ಬಯಲಾಗುತ್ತದೆ. ಬೀರೇಶ್ವರನ ಸೇವೆಗೆ ಗಂಡಸರು ಕಟ್ಟಿಕೊಳ್ಳುತ್ತಿದ್ದ ಡೊಳ್ಳನ್ನು ಇಂದು ಹೆಣ್ಣುಮಕ್ಕಳ ತಂಡಗಳೂ ಕಟ್ಟಿಕೊಂಡಿವೆ. ಸ್ಪರ್ಧೆಯಿಂದಾದ ದೊಡ್ಡ ಉಪಕಾರವೆಂದರೆ ಅದೇ. ಅಪಕಾರವೂ ಉಂಟು. ಜಾತ್ರೆಯಲ್ಲಿ ಹೊತ್ತು ಮರೆತು ಬೆಳೆಯುವ ಕುಣಿತ ವೇದಿಕೆಯ ಮೇಲೆ ಕೆಲವೇ ನಿಮಿಷಕ್ಕೆ ಮುದುಡುತ್ತದೆ; ಹೆಗಲ ಮೇಲೆ ಹೆಗಲೇರಿ ಗೋಪುರ ಕಟ್ಟಿದವರಿಗೇ ಚಪ್ಪಾಳೆ.

ಪ್ಯಾರಿಸ್ಸಿನಲ್ಲೂ ಇದೇ ಜಗ್ಗಾಟವಿತ್ತು. 2024ರ ಆಗಸ್ಟಿನಲ್ಲಿ ‘ಬ್ರೇಕಿಂಗ್’ ಎಂಬ ಕುಣಿತ ಒಲಿಂಪಿಕ್ಸ್‌ಗೆ ಕಾಲಿಟ್ಟಿತು. ಒಂಬತ್ತು ಮಂದಿ ತೀರ್ಪುಗಾರರು. ತಂತ್ರ, ಪಟ್ಟುಗಳ ವೈವಿಧ್ಯ, ನಿರ್ವಹಣೆ, ಸಂಗೀತದೊಂದಿಗಿನ ಹೊಂದಿಕೆ, ಸ್ವಂತಿಕೆ ಐದಕ್ಕೂ ಸಮಪಾಲು. ಹೆಂಗಸರಲ್ಲಿ ಜಪಾನಿನ ಆಮಿ, ಗಂಡಸರಲ್ಲಿ ಕೆನಡಾದ ಫಿಲ್ ವಿಝಾರ್ಡ್ ಚಿನ್ನ ಗೆದ್ದರು. ಇಂಡಿಯಾ ಎಂಬಾಕೆ ನಾಲ್ಕನೆಯವಳಾದಳು. ಆದರೆ ಅದು ಆಕೆಯ ಹೆಸರು, ದೇಶ ನೆದರ್ಲೆಂಡ್ಸ್! ನಮ್ಮ ದೇಶದವರು ಒಬ್ಬರೂ ಆ ಕಣದಲ್ಲಿರಲಿಲ್ಲ. 2028ರ ಲಾಸ್ ಏಂಜಲೀಸ್ ಕೂಟದಲ್ಲಿ ಬ್ರೇಕಿಂಗ್ ಇಲ್ಲ. ಆ ಕೂಟಕ್ಕೆ ಹೆಚ್ಚುವರಿ ಆಟಗಳ ಪಟ್ಟಿ ಅಖೈರಾದದ್ದು 2023ರ ಅಕ್ಟೋಬರಿನಲ್ಲಿ, ನಮ್ಮ ಮುಂಬೈಯಲ್ಲಿ: ಒಳಬಂದವುಗಳಲ್ಲಿ ಕ್ರಿಕೆಟ್ ಒಂದು.

ಡೊಳ್ಳಿಗೆ ಒಲಿಂಪಿಕ್ಸ್ ಬೇಕೆಂದು ಯಾರೂ ಅರ್ಜಿ ಹಾಕಿಲ್ಲ, ಹಾಕುವುದೂ ಬೇಡ. ಆದರೆ ಪ್ಯಾರಿಸ್ಸಿನ ತೀರ್ಪುಗಾರರಂತೆ ನಮ್ಮ ತಾಲ್ಲೂಕು ವೇದಿಕೆಯಲ್ಲೂ ಯಾವುದಕ್ಕೆ ಎಷ್ಟು ಅಂಕವೆಂದು ಮೊದಲೇ ಬರೆದಿಡಬಹುದು. ನನ್ನನ್ನು ಕೇಳಿದರೆ ಅರ್ಧದಷ್ಟು ಪೆಟ್ಟಿಗೆ, ಗತ್ತಿಗೆ. ಗೋಪುರಕ್ಕೆ ಅತಿ ಕಡಿಮೆ. ತೀರ್ಪುಗಾರರ ಮೂರು ಕುರ್ಚಿಗಳಲ್ಲಿ ಒಂದಾದರೂ ಹೆಗಲ ಮೇಲೆ ಡೊಳ್ಳಿನ ಹಗ್ಗದ ಗುರುತಿರುವ ಹಿರಿಯರಿಗೆ ಮೀಸಲಿರಲಿ.