ಗೋಡೆ ನೋಡಿ ಕಟ್ಟು ಹಾಕಿಸಿ

ಮೆಚ್ಚಿನ ಫೋಟೊವನ್ನು ದೊಡ್ಡದು ಮಾಡಿಸಿ ಮನೆಯಲ್ಲಿ ತೂಗುಹಾಕಲು ಹೊರಟವರು ಸ್ಟುಡಿಯೊದಲ್ಲಿ ಮೊದಲು ಎದುರಿಸುವ ಪ್ರಶ್ನೆಗಳು ಎರಡು: ಸೈಜ್ ಎಷ್ಟು, ಗ್ಲಾಸಿಯೋ ಮ್ಯಾಟೋ? ಕುಶಾಲನಗರದಲ್ಲಿ ಇವೆರಡಕ್ಕೂ ಮುಂಚೆ ನಾವೇ ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ: ಫೋಟೊ ಯಾವ ಗೋಡೆಗೆ ಹೋಗುತ್ತದೆ, ಆ ಗೋಡೆ ಮಳೆಗಾಲದಲ್ಲಿ ಹೇಗಿರುತ್ತದೆ? ಮಡಿಕೇರಿ, ಭಾಗಮಂಡಲಗಳಿಗೆ ಹೋಲಿಸಿದರೆ ಕೊಡಗಿನ ಪೂರ್ವದಂಚಿನ ಈ ಊರಿನ ಮಳೆ ಕಡಿಮೆಯೇ. ಆದರೂ ಕಾವೇರಿ ಊರಿಗೆ ತಗುಲಿಕೊಂಡೇ ಹರಿಯುತ್ತದೆ. ಒಗೆದ ಬಟ್ಟೆ ದಿನಗಟ್ಟಲೆ ಒಣಗದ ಆಷಾಢದಲ್ಲಿ ಗೋಡೆಯ ಮೇಲಿನ ಕಾಗದವೂ ತೇವ ಹೀರಿಕೊಂಡಿರುತ್ತದೆ. ಆದ್ದರಿಂದ ಗಾತ್ರ, ಹೊಳಪು, ಕಟ್ಟು ಎಲ್ಲವನ್ನೂ ತೇವವನ್ನು ಮುಂದಿಟ್ಟುಕೊಂಡೇ ಆರಿಸಬೇಕು ಎಂಬುದು ನನ್ನ ವಾದ.

ಕಾರಣ ಕಾಗದದ ಒಳಗೇ ಇದೆ. ಲ್ಯಾಬ್‌ನಲ್ಲಿ ರಾಸಾಯನಿಕದಿಂದ ತೊಳೆದು ಬರುವ ಬಣ್ಣದ ಪ್ರಿಂಟಿನಲ್ಲಿ ಚಿತ್ರವನ್ನು ಹಿಡಿದಿರುವುದು ಜೆಲಟಿನ್ ಪದರ. ಗಾಳಿಯ ತೇವಾಂಶ ಶೇ 65–70 ದಾಟಿ ಅಲ್ಲೇ ನಿಂತರೆ ಜೆಲಟಿನ್ ಮೆತ್ತಗಾಗಿ ಅಂಟತೊಡಗುತ್ತದೆ, ಬೂಷ್ಟಿಗೂ ಅದೇ ಆಹಾರವಾಗುತ್ತದೆ. ಗಾಜಿಗೆ ಒತ್ತಿ ಕೂರಿಸಿದ ಹಳೆಯ ಮದುವೆ ಫೋಟೊಗಳಲ್ಲಿ ನಕ್ಷೆಯಂತೆ ಹರಡುವ ಕಲೆಗಳು ಹುಟ್ಟುವುದು ಹೀಗೆ: ಚಿತ್ರ ಗಾಜಿಗೆ ಅಂಟಿಕೊಂಡಿರುತ್ತದೆ, ಬಿಡಿಸಲು ಹೋದರೆ ಮುಖವೇ ಕಿತ್ತುಬರುತ್ತದೆ. ಪರಿಹಾರ ದುಬಾರಿಯಲ್ಲ. ಫೋಟೊದ ಸುತ್ತ ಕಿಟಕಿಯಂತೆ ಕತ್ತರಿಸಿದ ಮೌಂಟ್ ಬೋರ್ಡ್ ಇಡಿಸಿದರೆ ಗಾಜಿಗೂ ಚಿತ್ರಕ್ಕೂ ನಡುವೆ ಒಂದೆರಡು ಮಿಲಿಮೀಟರ್ ಅಂತರ ಉಳಿಯುತ್ತದೆ. ಕಟ್ಟಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಬಿಲ್ಲೆ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ಮಳೆಯ ಇರಚಲು ಹೊಡೆಯುವ ಹೊರಗೋಡೆಯನ್ನು ಬಿಟ್ಟು ಎರಡು ಕೋಣೆಗಳ ನಡುವಿನ ಒಳಗೋಡೆಯನ್ನು ಆರಿಸಿಕೊಳ್ಳಬೇಕು. ನೇರ ಬಿಸಿಲು ಬಣ್ಣವನ್ನು ತಿನ್ನುತ್ತದೆ, ದೇವರಕೋಣೆಯ ಹೊಗೆ ಮಸಿ ಕೂರಿಸುತ್ತದೆ, ಎರಡೂ ಬೇಡ.

ಗಾತ್ರದ ವಿಷಯದಲ್ಲಿ ಆಸೆಗಿಂತ ಲೆಕ್ಕ ಮುಖ್ಯ. 12 ಮೆಗಾಪಿಕ್ಸೆಲ್ ಫೋನಿನ ಚಿತ್ರ ಸಾಮಾನ್ಯವಾಗಿ 4000×3000 ಚುಕ್ಕೆಗಳದ್ದು. ಇಂಚಿಗೆ 300 ಚುಕ್ಕೆಯಂತೆ ಅದು 13×10 ಇಂಚಿಗೆ ಸ್ಫುಟವಾಗಿ ಬರುತ್ತದೆ. ನಾಲ್ಕೈದು ಅಡಿ ದೂರದಿಂದ ನೋಡುವುದಾದರೆ 200 ಚುಕ್ಕೆ ಸಾಕು, 20×15 ಇಂಚಿನವರೆಗೂ ಹೋಗಬಹುದು. ಅದೇ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಮಾಮೂಲಾಗಿ ಬಂದರೆ ಉದ್ದ ಸುಮಾರು 1600 ಚುಕ್ಕೆಗೆ ಇಳಿದಿರುತ್ತದೆ. ಅದನ್ನು 18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 90 ಚುಕ್ಕೆಯೂ ಸಿಗದು. ಆದ್ದರಿಂದ ಸ್ಟುಡಿಯೊಗೆ ಮೂಲ ಫೈಲನ್ನೇ ಕೊಡಬೇಕು, ವಾಟ್ಸ್ಆ್ಯಪ್‌ನಲ್ಲೇ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಫೋನಿನ ಚಿತ್ರದ ಅಳತೆ 4:3, ಸ್ಟುಡಿಯೊದ 12×18 ಹಾಳೆಯ ಅಳತೆ 3:2. ಹಾಳೆ ತುಂಬಿಸಿದರೆ ಚಿತ್ರದ ಒಂಬತ್ತನೇ ಒಂದು ಭಾಗ ಕತ್ತರಿಸಿಹೋಗುತ್ತದೆ, ಗುಂಪು ಫೋಟೊದಲ್ಲಿ ಅದು ಯಾರದೋ ತಲೆಯಾಗಬಹುದು. 12×9 ಇಂಚಿಗೆ ಮಾಡಿಸಿ ಸುತ್ತ ಮೌಂಟ್ ಇಟ್ಟರೆ ಯಾರೂ ಹೊರಗುಳಿಯುವುದಿಲ್ಲ. ಮೈ ಮಾತ್ರ ಮ್ಯಾಟ್ ಇರಲಿ: ಕಿಟಕಿಯೆದುರು ಕಣ್ಣು ಕುಕ್ಕದು, ಬೆರಳಚ್ಚು ಎದ್ದು ಕಾಣದು.

‘ಲ್ಯಾಮಿನೇಷನ್ ಮಾಡಿಸಿದರೆ ನೀರೇ ತಾಗುವುದಿಲ್ಲವಲ್ಲ, ಗಾಜು ಮೌಂಟುಗಳ ಉಸಾಬರಿ ಯಾಕೆ?’ ಎಂದು ಕೇಳುವವರುಂಟು. ಎದುರಿನಿಂದ ಬೀಳುವ ಹನಿಯನ್ನು ಲ್ಯಾಮಿನೇಷನ್ ತಡೆಯುತ್ತದೆ ನಿಜ. ಆದರೆ ಅಂಥ ಫೋಟೊಗಳನ್ನು ಹೆಚ್ಚಾಗಿ ಎಂಡಿಎಫ್ ಹಲಗೆಗೆ ಅಂಟಿಸುತ್ತಾರೆ. ಹಲಗೆ ಹಿಂಬದಿಯಿಂದ ತೇವ ಕುಡಿದು ಉಬ್ಬಿದರೆ ಚಿತ್ರವೂ ಅದರೊಂದಿಗೆ ಉಬ್ಬುತ್ತದೆ, ಬಿಡಿಸಿ ಉಳಿಸಿಕೊಳ್ಳುವ ದಾರಿಯೇ ಇರುವುದಿಲ್ಲ. ಕ್ಯಾನ್ವಾಸ್ ನೋಡಲು ಚೆಂದ, ಆದರೆ ಬಟ್ಟೆಯೂ ತೇವಕ್ಕೆ ಸಡಿಲಾಗುತ್ತದೆ. ಮತ್ತೆ ಮಾಡಿಸಿಕೊಳ್ಳಬಹುದಾದ ಚಿತ್ರಕ್ಕೆ ಇವೆರಡೂ ಸರಿಯೇ. ಅಜ್ಜಿಯ ಒಂದೇ ಒಂದು ಹಳೆಯ ಪ್ರಿಂಟನ್ನು ಮಾತ್ರ ಎಂದೂ ಹಲಗೆಗೆ ಅಂಟಿಸಬಾರದು. ಅದನ್ನು ಸ್ಕ್ಯಾನ್ ಮಾಡಿಸಿ ನಕಲನ್ನು ಗೋಡೆಗೆ ಹಾಕಿ, ಮೂಲವನ್ನು ಒಣ ಕಪಾಟಿನ ಮೇಲಿನ ಅರೆಯಲ್ಲಿಡುವುದು ಜಾಣತನ.

ಫೋನಿನಲ್ಲೇ ಸಾವಿರ ಫೋಟೊ ಇರುವಾಗ ಗೋಡೆಗೆ ಯಾಕೆ ಎಂಬುದು ಇನ್ನೊಂದು ಆಕ್ಷೇಪ. ಫೋನಿನ ಚಿತ್ರವನ್ನು ನಾವು ಹುಡುಕಿಕೊಂಡು ಹೋಗಬೇಕು. ಗೋಡೆಯ ಚಿತ್ರ ಓಡಾಡುವ ಮಕ್ಕಳಿಗೂ ಬಂದುಹೋಗುವ ನೆಂಟರಿಗೂ ತಾನಾಗಿ ಕಾಣುತ್ತದೆ, ‘ಇವರು ಯಾರು?’ ಎಂದು ಕೇಳಿಸುತ್ತದೆ. ಹಾಗೆಂದು ಫೋನನ್ನು ಬದಿಗಿಡಬೇಕಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ತಗ್ಗು ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ದಿನ ಗೋಡೆಯ ಪ್ರತಿ ಕೈಬಿಟ್ಟರೂ ಬೇರೆ ಊರಿನ ನೆಂಟರ ಫೋನಿನಲ್ಲೋ ಪೆನ್‌ಡ್ರೈವ್‌ನಲ್ಲೋ ಇರುವ ಪ್ರತಿ ಕೈಹಿಡಿಯುತ್ತದೆ. ಇನ್ನು ಹುತ್ತರಿಗೆ ಮನೆ ಶುಚಿಗೊಳಿಸುವಾಗ ಪ್ರತಿ ಕಟ್ಟನ್ನೂ ಇಳಿಸಿ, ಬೆನ್ನು ತಿರುಗಿಸಿ ನೋಡಬೇಕು. ಹಿಂಬದಿ ಒಣಗಿದ್ದರೆ ಮುಂದಿನ ಮಳೆಗಾಲಕ್ಕೂ ಅದೇ ಮೊಳೆ ಸಾಕು. ಬೂಷ್ಟು ಕಂಡರೆ ಬದಲಾಗಬೇಕಾದದ್ದು ಫೋಟೊ ಅಲ್ಲ, ಗೋಡೆ.